ಅತ್ತೆಯ ಬೆನ್ನು ಹತ್ತಿ

ಅತ್ತೆ ಮತ್ತೆ ನಿಂತರು. ಸೊಸೆ ತಟ್ಟನೆ ಔಷಧಿ ಅಂಗಡಿಯ ಬೋರ್ಡಿನ ಹಿಂದೆ ಸರಿದಳು.

ಬಸ್ಸಿಳಿದ ಮೇಲೆ ಇದು ಮೂರನೆಯ ಸಲ. ಮೊದಲು ದೀಪದ ಕಂಬ ಹಿಡಿದು ನಿಂತಿದ್ದರು. ಆಮೇಲೆ ಬಗ್ಗಿ ಬೂಟಿನ ದಾರ ಬಿಗಿದರು. ಈಗ ಮತ್ತೆ ಅದೇ ಬೂಟು, ಅದೇ ದಾರ. ಮೂವತ್ತೈದು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸಿದ ಡ್ರಿಲ್ ಟೀಚರು ಅವರು. ಅರವತ್ತೈದು ದಾಟಿದರೂ ನಡಿಗೆಯಲ್ಲಿ ಯಾರ ಕೈಗೂ ಸಿಗದವರು, ಇಂದು ಮೊಟ್ಟೆಯ ಮೇಲೆ ಕಾಲಿಟ್ಟಂತೆ ನಡೆಯುತ್ತಿದ್ದರು.

‘ಏರಿದೆ’ ಎಂದುಕೊಂಡಳು ಸೊಸೆ. ‘ಕಾಲು ಹೇಳಿದ ಮಾತು ಕೇಳ್ತಿಲ್ಲ.’ ಬಾಯಲ್ಲಿದ್ದ ಪೆಪ್ಪರಮಿಂಟನ್ನು ಇನ್ನೊಂದು ಕೆನ್ನೆಗೆ ಹೊರಳಿಸಿದಳು.

ಅನುಮಾನ ಅವಳ ಹುಟ್ಟುಗುಣ. ಅಂಗಡಿಯ ತಕ್ಕಡಿಯನ್ನು ನಂಬುವವಳಲ್ಲ, ಗೋಡೆಯ ಗಡಿಯಾರವನ್ನೂ ನಂಬುವವಳಲ್ಲ. ಹಡಗಿನಲ್ಲಿ ಕೆಲಸಕ್ಕಿರುವ ಗಂಡ ಫೋನ್ ಮಾಡಿ “ಊಟ ಆಯ್ತು” ಎಂದರೆ, ಏನು ತಿಂದಿರಿ ಎಂದು ಎರಡು ಸಲ ಕೇಳುವವಳು. “ಪೊಲೀಸ್ ಕೆಲಸಕ್ಕೆ ನೀನು ಸಿಗದೆ ಹೋದೆಯಲ್ಲಮ್ಮ!” ಎಂದು ಅತ್ತೆಯೇ ನಗುತ್ತಿದ್ದರು.

ಆ ಅತ್ತೆಯ ಮೇಲೇ ಈಗ ಕಣ್ಣು ಬಿದ್ದಿತ್ತು.

ಮೂರು ವಾರದ ಹಿಂದೆ, ಬೀರುವಿನಲ್ಲಿ ಕಂಬಳಿಗಳ ಕೆಳಗಿದ್ದ ಬಾಟಲಿ ಎಡಮೂಲೆಯಿಂದ ಬಲಮೂಲೆಗೆ ಹೋಗಿತ್ತು. ಗಂಡ ಸಮುದ್ರದ ಮೇಲಿದ್ದ. ಮನೆಯಲ್ಲಿ ಉಳಿದವರು ಇಬ್ಬರೇ. ಬಾಟಲಿಗೆ ಕಾಲಂತೂ ಇಲ್ಲ. ಅದೇ ವಾರದಿಂದ ಅತ್ತೆ ಪ್ರತಿ ಗುರುವಾರ ಮಧ್ಯಾಹ್ನ ಮಾಯವಾಗತೊಡಗಿದರು. ಮೊನ್ನೆ ಬಾಲ್ಕನಿಯಲ್ಲಿ ನಿಂತು, ಪಿಸುಮಾತೆಂದುಕೊಂಡು ಮೂರು ಮನೆಗೆ ಕೇಳುವಂತೆ ಫೋನಿನಲ್ಲಿ ಹೇಳಿದರು: “ನಾಲ್ಕೂವರೆಗೇ ತಾನೇ? ಬರ್ತೀನಿ. ಮನೇಲಿ ಗೊತ್ತಾಗಬಾರದು, ಅಷ್ಟೆ.”

ನಿನ್ನೆ ಸಕ್ಕರೆ ಡಬ್ಬಿಯ ಕೆಳಗಿನಿಂದ ಒಂದು ಚೀಟಿ ಇಣುಕುತ್ತಿತ್ತು. ‘ಕುಡಿತ ಬಿಡಬೇಕೆನ್ನುವವರ ಕೂಟ. ಗ್ರಂಥಾಲಯದ ಮೇಲ್ಮಹಡಿ. ಹೆಸರು ಹೇಳಬೇಕಾಗಿಲ್ಲ.’

ಓದಿದಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಂಬತ್ತು ವರ್ಷ “ಬೆನ್ನು ನೇರ, ನಡತೆ ನೇರ” ಎಂದು ಪಾಠ ಹೇಳಿದವರು! ಇನ್ನು ಮೇಲೆ ಮಾತು ಒಂದೇ ಕಡೆಯಿಂದ ಬರುವುದಿಲ್ಲ.

ಬಿಡುವೂ ತಾನಾಗಿ ಒದಗಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವುದು ಅವಳ ಕೆಲಸ. ಹೋದ ವಾರ ಇಬ್ಬರು ಗಿರಾಕಿಗಳ ಗಾಜು ಅದಲುಬದಲಾಯಿತು. ಒಬ್ಬರು ಮೆಟ್ಟಿಲಿನಿಂದ ಬೀಳುವುದರಲ್ಲಿದ್ದರು. “ನಾಲ್ಕು ದಿನ ಸುಧಾರಿಸ್ಕೊಳ್ಳಮ್ಮ. ಇನ್ನೊಂದು ಸಲ ಹೀಗಾದ್ರೆ ನಾನೂ ಏನೂ ಮಾಡೋಕಾಗಲ್ಲ” ಎಂದಿದ್ದರು ಯಜಮಾನರು. ಅತ್ತೆಯ ಚಿಂತೆಯಲ್ಲಿ ನಿದ್ದೆಗೆಟ್ಟದ್ದೇ ಅದಕ್ಕೆ ಕಾರಣ ಎಂಬುದು ಸೊಸೆಯ ತೀರ್ಮಾನ.

ಇಂದು ಬಸ್‌ಸ್ಟಾಪಿನಲ್ಲೇ ಇನ್ನೊಂದು ಸಾಕ್ಷಿ ಸಿಕ್ಕಿತ್ತು. ಇವಳು ಚಪ್ಪಲಿ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತ ಬರುವಷ್ಟರಲ್ಲಿ, ಅತ್ತೆ ಎದುರಿಗಿದ್ದ ಖಾಲಿ ಬಸ್ಸನ್ನು ಬಿಟ್ಟರು. ಹಿಂದೆ ಬಂದ ತುಂಬಿದ ಬಸ್ಸನ್ನು ಹತ್ತಿದರು. ನಂಬರೂ ಕಾಣದಷ್ಟು ಮಂಪರು!

ಗ್ರಂಥಾಲಯದ ಮೆಟ್ಟಿಲು ಹತ್ತಿ ಅತ್ತೆ ಒಂದು ಕೋಣೆಗೆ ಹೋದರು. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಸೊಸೆ ಸಂದಿಯಲ್ಲಿ ಕಣ್ಣಿಟ್ಟಳು.

ಒಳಗೆ ಅಳು ಕೇಳಿಸಬಹುದು ಎಂದುಕೊಂಡಿದ್ದಳು. ಕೇಳಿಸಿದ್ದು ನಗು. ಸುತ್ತ ಕೂತ ಏಳೆಂಟು ಜನರ ನಡುವೆ ಕಟಿಂಗ್ ಅಂಗಡಿಯವನೊಬ್ಬ ತನ್ನ ಕತೆ ಹೇಳುತ್ತಿದ್ದ.

“ಬೆಳಗ್ಗೇನೇ ಹಾಕ್ಕೊಂಡು ಹೋಗಿದ್ದೆ. ಗಿರಾಕಿಯ ಅರ್ಧ ಮೀಸೆ ಹಾರಿಸಿಬಿಟ್ಟೆ. ಉಳಿದ ಅರ್ಧಾನ ಪಾಪ, ಅವನೇ ‘ತೆಗೆದುಬಿಡು ಮಾರಾಯ’ ಅಂದ. ಅವತ್ತೇ ಇಲ್ಲಿಗೆ ಬಂದೆ. ಹತ್ತು ತಿಂಗಳಾಯ್ತು. ನೋಡಿ, ಕೈ ನಡುಗಲ್ಲ.”

ಅವನು ಎರಡೂ ಕೈ ಚಾಚಿ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಸೆ ಏಕೋ ತನ್ನ ಕೈಗಳನ್ನು ಚೀಲದೊಳಗೆ ತೂರಿಸಿಕೊಂಡಳು.

ಆಮೇಲೆ ಬಾಗಿಲು ತಳ್ಳಿದಳು. “ಸಿಕ್ಕಿಬಿದ್ರಿ, ಅತ್ತೆ!”

ಅತ್ತೆ ಬೆಚ್ಚಲಿಲ್ಲ. “ಮೂರು ಗುರುವಾರ ಕಾಯಿಸಿದೆಯಲ್ಲಮ್ಮ” ಎಂದರು.

ಅದು ಸೊಸೆಯ ಕಿವಿಗೆ ಬೀಳಲಿಲ್ಲ. ಅವಳು ಕಟಿಂಗ್ ಅಂಗಡಿಯವನ ಕಡೆ ತಿರುಗಿದಳು. “ನಾನು ಇವರ ಸೊಸೆ. ಮುಚ್ಚುಮರೆ ಬೇಡ. ಇವರು ಎಷ್ಟು ದಿನದಿಂದ ಕುಡೀತಿದ್ದಾರಂತೆ?”

“ಇವರಾ?” ಅವನು ತಲೆ ಕೆರೆದುಕೊಂಡ. “ಇವರು ಜೀವಮಾನದಲ್ಲಿ ಒಂದು ಹನೀನೂ ಮುಟ್ಟಿದವರಲ್ಲವಂತೆ, ಅಕ್ಕ.”

“ಮತ್ತೆ ಇಲ್ಲಿಗ್ಯಾಕೆ ಬರ್ತಾರೆ?”

ಯಾರೂ ನಗಲಿಲ್ಲ. ಎಲ್ಲರೂ ಅವಳನ್ನು ನೋಡುತ್ತಿದ್ದರು, ಬಹಳ ದಿನದ ಪರಿಚಯದವರಂತೆ. ಅತ್ತೆಯ ಪಕ್ಕದ ಕುರ್ಚಿ ಮಾತ್ರ ಖಾಲಿಯಿತ್ತು. ಸೊಸೆ ಅದರಲ್ಲಿ ಕೂತಳು.

ಅತ್ತೆ ಚೀಲದೊಳಗಿನಿಂದ ಅವಳ ಕೈ ಹೊರಗೆಳೆದು ತಮ್ಮ ಕೈಯಲ್ಲಿ ಹಿಡಿದುಕೊಂಡರು. “ಕುಡಿಯೋಳು ನೀನು, ಕಂದ, ನಾನು ಜಾಗ ಹುಡುಕಿದೆ ಅಷ್ಟೆ. ಬಾ ಅಂತ ಕರೆದಿದ್ರೆ ನೀನು ಬರ್ತಿದ್ಯಾ?”