ಕಾರು ಹತ್ತುವ ಪುಟ

"ಜೋಗಕ್ಕೆ ಹೋಗಿ ಸಂಜೆಯೊಳಗೆ ಬರೋಣ, ಮನೇಲಿ ಹೇಳೋದು ಬೇಡ," ಎಂದು ಸುಹಾಸ ಕಾರಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟಾಗ ಮಧುರಾಳ ಚಮಚ ಬಾಯಿಯ ಹತ್ತಿರವೇ ನಿಂತಿತು. ಚಾಟಿಂಗಿನಲ್ಲಿ ಪರಿಚಯವಾದವನನ್ನು ಅವಳು ಮುಖತಃ ನೋಡಿದ್ದು ಇವತ್ತೇ, ಶಿರಸಿಯ ಈ ಐಸ್‌ಕ್ರೀಂ ಅಂಗಡಿಯಲ್ಲಿ.

ಅವಳ ಚೀಲದಲ್ಲಿದ್ದ ಬಾಡಿಗೆ ಕಾದಂಬರಿಗಳಲ್ಲೆಲ್ಲ ಹುಡುಗಿ ಕಾರು ಹತ್ತುವುದು ಸರಿಯಾಗಿ ಇಂಥ ಪುಟದಲ್ಲೇ. ಪ್ರತಿ ಸಲವೂ ಮಧುರಾ "ಹತ್ತಡ ಮಾರಾಯ್ತಿ!" ಎಂದು ಪುಸ್ತಕಕ್ಕೇ ಬೈಯುತ್ತಿದ್ದಳು. ಈಗ ನೋಡಿದರೆ ತಾನೇ ಚೀಲ ಹೆಗಲಿಗೇರಿಸಿಕೊಂಡಿದ್ದಳು!

"ನೀನು ನಿಲ್ಕುಂದದ ಭಟ್ಟರ ಮನೆಯವ ಅಂದಿದ್ಯಲಾ? ನಿನ್ನ ಆಯಿ ತವರುಮನೆ ಯಾವುದು?" ಎಂದು ಕೇಳಿದಳು. ಹೊಸಬರು ಯಾರೇ ಬರಲಿ, ಕುಡಿಯಲು ನೀರು ಕೊಡುತ್ತಲೇ ಅವಳ ಅಜ್ಜಿ ಕೇಳುತ್ತಿದ್ದ ಪ್ರಶ್ನೆ ಅದು. ಬಂದವರು ತಾಯಿಯ ತವರು ಹೇಳಿ ಎರಡೇ ಮಾತಿಗೆ ನೆಂಟರಾಗಿಬಿಡುತ್ತಿದ್ದರು.

ಸುಹಾಸ ನಕ್ಕ. "ಅದೆಲ್ಲ ಈಗ್ಯಾಕೆ? ಕಾರಲ್ಲಿ ಹೇಳ್ತೀನಿ, ಬಾ."

"ಆನು ಬತ್ನಿಲ್ಲೆ," ಎಂದ ಮಧುರಾ, ಕೀಲಿಕೈಯನ್ನು ಅವನ ಗಡ್‌ಬಡ್ ಐಸ್‌ಕ್ರೀಂ ಗ್ಲಾಸಿಗೆ ಹಾಕಿ, ತಳ ಮುಟ್ಟುವವರೆಗೂ ಚಮಚದಿಂದ ಒತ್ತಿದಳು. ಅವನು ಅದನ್ನು ಹೊರತೆಗೆದು ಒರೆಸಿಕೊಳ್ಳುವಷ್ಟರಲ್ಲಿ ಅವಳು ಹತ್ತಿಯಾಗಿತ್ತು, ಮನೆ ಕಡೆಗೆ ಹೊರಟಿದ್ದ ಯಲ್ಲಾಪುರದ ಬಸ್ಸನ್ನು.