ಪೂಜೆಗೆ ಕೂತ ಡ್ರಿಲ್ಲಿಂಗ್ ಮಷೀನು

ಸೀಮೆಎಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ಚಾಮರಾಜಪೇಟೆಯ ನಮ್ಮ ವಠಾರದ ಆ ಆಯುಧಪೂಜೆಯ ಮಧ್ಯಾಹ್ನವೇ ನೆನಪಾಗುತ್ತದೆ.

ಫ್ಯಾಕ್ಟರಿ ಕೆಲಸ ಹೋದ ಮೇಲೆ ನನ್ನ ಸೋದರತ್ತೆ ಗುಜರಿಯಿಂದ ಒಂದು ಡ್ರಿಲ್ಲಿಂಗ್ ಮಷೀನು ತಂದು ಹಿತ್ತಲಿನ ಶೆಡ್ಡಿನಲ್ಲಿಟ್ಟಿದ್ದಳು. ಇನ್ನು ಅದೇ ತನಗೆ ಅನ್ನ ಹಾಕುವುದು ಎಂದಿದ್ದಳು. ಆದರೆ ಎಷ್ಟು ಸೀಮೆಎಣ್ಣೆ ಕುಡಿಸಿದರೂ ಅದರ ತುಕ್ಕು ಹಿಡಿದ ಶಾಫ್ಟು ತಿರುಗಲೊಲ್ಲದು. ಮೊಂಡುತನದಲ್ಲಿ ಅದು ನನ್ನನ್ನೂ ಮೀರಿಸಿತ್ತು.

ಆ ಮಧ್ಯಾಹ್ನ ವಠಾರದ ಮಾಲೀಕರಾದ ರಾಯರು ಗುಜರಿಯವನನ್ನು ಕೈಗಾಡಿ ಸಮೇತ ಕರೆತಂದರು. “ಏನಮ್ಮಾ, ಇದು ವಠಾರಾನೋ, ಕಬ್ಬಿಣದ ಸ್ಮಶಾನಾನೋ? ಎತ್ತೋ ಇದನ್ನ!”

ಅವರ ಬೆನ್ನ ಹಿಂದೆ ನಾನು ಹೊಟ್ಟೆ ಮುಂದೂಡಿ ಅದನ್ನೇ ಮೂಗಿನಲ್ಲಿ ಹೇಳಿ, ಅಪ್ಪನಿಂದ ತಲೆಗೆ ಮೊಟಕಿಸಿಕೊಂಡೆ.

ಅತ್ತೆ ಸದ್ದಿಲ್ಲದೆ ಮಷೀನಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಸರ ಹಾಕಿದಳು. “ಪೂಜೆಗೆ ಕೂತಿದ್ದನ್ನ ಇವತ್ತು ಅಲ್ಲಾಡಿಸ್ತೀರಾ ರಾಯರೇ? ನಿಮ್ ಸ್ಕೂಟರನ್ನ ಮುಟ್ತೀರಾ?”

ಹೂ ಮುಡಿದು ನಿಂತಿದ್ದ ತಮ್ಮ ಸ್ಕೂಟರನ್ನು ನೋಡಿ ರಾಯರು ಗುಜರಿಯವನಿಗೆ ಹೊರಡಲು ಕೈಸನ್ನೆ ಮಾಡಿದರು. “ನಾಳೆ ಬೆಳಗ್ಗೆ ಬರ್ತೀನಿ!”

ಸೀಮೆಎಣ್ಣೆ ತುಕ್ಕಿನೊಳಗೆ ಇಳಿಯಲು ಇನ್ನೊಂದು ದಿನ ಸಿಕ್ಕಿತು. ವಿಜಯದಶಮಿಯ ಬೆಳಗ್ಗೆ ಅತ್ತೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಶಾಫ್ಟು ಕದಲಿತು. ರಾಯರು ಬರುವ ಹೊತ್ತಿಗೆ ಮಷೀನು ಘುರ್ರೆಂದು ಕಬ್ಬಿಣದ ಪಟ್ಟಿ ಕೊರೆಯುತ್ತಿತ್ತು. ಅವರ ಬಾಯಿ ಆಡುತ್ತಿತ್ತು, ದನಿ ಮಾತ್ರ ಕೇಳುತ್ತಿರಲಿಲ್ಲ. ಹಿಂದಿನಿಂದ ನಾನೇ ಅವರ ದನಿಯಲ್ಲಿ ಕಿರುಚಿದೆ: “ಭೇಷ್ ಕಣಮ್ಮಾ, ಇಲ್ಲೇ ಇಟ್ಕೋ!”

ಅತ್ತೆ ತಲೆಯೆತ್ತದೆ ಹೇಳಿದಳು: “ಆಗ್ಲಿ ರಾಯರೇ.”