ಊರಬಾಯಿ

ಹೊಲಿಗೆ ಮಿಷಿನ್ನು ಆಗಲೇ ಅಂಗಡಿಯ ಹೊಸ್ತಿಲು ದಾಟಿತ್ತು. ಇಬ್ಬರು ಅದರ ಕಾಲು ಹಿಡಿದಿದ್ದರು. ಇನ್ನೊಬ್ಬ ದರ್ಜಿಯ ಕೊರಳುಪಟ್ಟಿ ಹಿಡಿದಿದ್ದ.

“ಒಪ್ಕೊಂಡ್ರೆ ಮಿಷಿನ್ನು ಒಳಗೆ. ಇಲ್ಲಾಂದ್ರೆ ಚರಂಡಿಗೆ,” ಎಂದ ವಾರ್ಡ್ ಸದಸ್ಯೆಯ ಮೈದುನ. ದರ್ಜಿಯ ಫೋನು ಅವನ ಜೇಬು ಸೇರಿತ್ತು. “ಊರಬಾಯಿ ನೀನೇ ತಾನೆ?”

ಊರಬಾಯಿ ಎಂಬುದು ಎಲ್ಲರ ಮೊಬೈಲಿಗೂ ಬರುತ್ತಿದ್ದ ಒಂದು ಪುಟ. ಹೆಸರಿಲ್ಲ, ಮುಖವಿಲ್ಲ, ನಾಲಿಗೆ ಮಾತ್ರ ಮೊಳದುದ್ದ. ಅದು ಸದಸ್ಯೆಯನ್ನು ಬೈಯದ ದಿನವಿರಲಿಲ್ಲ. ‘ಓಟು ಕೇಳುವಾಗ ಅಕ್ಕ, ನೀರು ಕೇಳಿದರೆ ನಾಪತ್ತೆ’ ಎಂದು ಬರೆದಿತ್ತು. ‘ಕುರ್ಚಿಗೆ ಮೆತ್ತಿದ ಗೋಂದು’ ಎಂದಿತ್ತು. ಸದಸ್ಯೆಯ ಕಡೆಯವರೆಲ್ಲ ತಿರುಗಿ ಬೈಯುವುದಕ್ಕೆಂದೇ ಅಲ್ಲಿ ಸೇರಿಕೊಂಡಿದ್ದರು. ಅದನ್ನು ಅವರಷ್ಟು ಶ್ರದ್ಧೆಯಿಂದ ಓದುವವರು ಬೇರೆ ಇರಲಿಲ್ಲ.

ದರ್ಜಿ ಸಿಕ್ಕಿಬಿದ್ದದ್ದು ಒಂದು ಚಿತ್ರದಿಂದ. ಹೋದ ವಾರ ಪುಟದಲ್ಲಿ ಬಂದಿದ್ದ, ಕಟ್ಟಿಕೊಂಡ ಚರಂಡಿಯ ಚಿತ್ರ. ಅದರ ಮೂಲೆಯಲ್ಲಿ ಅವನ ಕಿಟಕಿಯ ಸೊಟ್ಟ ಸರಳು ಕಾಣುತ್ತಿತ್ತು.

“ಆ ಕಿಟಕಿ ಹತ್ರ ನಾನೊಬ್ಬನೇ ನಿಲ್ತೀನಾ?” ಎಂದ ದರ್ಜಿ. “ಅಳತೆ ಕೊಡೋರೆಲ್ಲ ಅಲ್ಲೇ ನಿಲ್ಲೋದು. ನಿಮ್ಮನೆ ಹೆಂಗಸರೂ—”

ಕೆನ್ನೆಗೆ ಏಟು ಬಿತ್ತು. “ಮನೆ ಹೆಂಗಸರ ಸುದ್ದಿ ಎತ್ತಿದ್ರೆ ಹಲ್ಲು ಉದುರುತ್ತೆ!”

ಅಷ್ಟರಲ್ಲಿ ಸದಸ್ಯೆ ಏದುಸಿರು ಬಿಡುತ್ತ ಬಂದಳು.

“ಇವನ ಫೋನು ನನ್ನ ಜೇಬಲ್ಲೇ ಇದೆ, ಪೊಲೀಸರಿಗೆ ಕೊಡೋಣ ಅತ್ತಿಗೆ. ಬರೆದದ್ದನ್ನೆಲ್ಲ ಅವರು ಹುಡುಕಿ ತೆಗೀತಾರೆ.”

“ಪೊಲೀಸರೆಲ್ಲ ಬೇಡ. ಬಿಟ್ಬಿಡಿ, ಪಾಪ.”

“ನೀವು ಹೀಗೆ ಬೆಣ್ಣೆಯಾದ್ರೆ ಎಲ್ರೂ ಬೆರಳು ಅದ್ದೋರೇ.”

ದರ್ಜಿ ಅವಳತ್ತ ತಿರುಗಿದ. “ಅಕ್ಕ, ನಾನು ಬರೆದಿಲ್ಲ. ಓದಿ ನಕ್ಕಿದ್ದೀನಿ, ಅದು ಹೌದು. ಚರಂಡಿಗೆ ಅಂತ ನೀವು ಎಷ್ಟು ಅರ್ಜಿ ಕೊಟ್ರಿ! ಇಂಜಿನಿಯರ್ ತಿರುಗಿ ನೋಡಿದ್ನಾ? ಊರಬಾಯಿ ಬೈದ ಮೇಲೆ, ಸದಸ್ಯೆಗೇ ಜನ ಇಷ್ಟು ಉಗೀತಾರೆ, ನಾಳೆ ನನ್ನ ಸರದಿ ಅಂತ ಹೆದರಿ, ಪ್ಯಾಂಟು ಮಡಚಿಕೊಂಡು ಓಡಿ ಬಂದ. ಈಗ ಅದೇ ಚರಂಡಿಗೆ ನನ್ನ ಅನ್ನ ಹಾಕ್ತಿದ್ದಾರೆ.”

“ಕೇಳಿದ್ರಾ, ಊರಬಾಯಿಗೆ ಇವನದೇ ವಕಾಲತ್ತು!” ಮೈದುನ ಕೂಗಿದ. “ಎತ್ರೋ!”

ಸದಸ್ಯೆ ಗುಂಪಿನ ಮೇಲೆ ಕಣ್ಣಾಡಿಸಿದಳು. ಚುನಾವಣೆ ಹತ್ತಿರದಲ್ಲಿತ್ತು. ನಿಂತಿದ್ದವರೆಲ್ಲ ಅವಳಿಗಾಗಿ ಬೀದಿ ಸುತ್ತುವ ಜನ.

“ಅವನ ಬಾಯಿ ಒಣಗಿದೆ, ನೀರು ತರ್ತೀನಿ,” ಎಂದು ಅಂಗಡಿಯೊಳಗೆ ಹೋದಳು. ಹೆಂಗಸರು ಹೊಲಿಸಿದ ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ನೀರಿನ ಕೊಡವಿತ್ತು. ಅಲ್ಲಿಗೆ ಗಂಡಸರು ಹೋಗುವಂತಿರಲಿಲ್ಲ.

ಮಿಷಿನ್ನು ಚರಂಡಿಯ ಅಂಚಿಗೆ ಬಂತು. ದರ್ಜಿ ಕಣ್ಣು ಮುಚ್ಚಿಕೊಂಡ.

ಎಲ್ಲರ ಜೇಬುಗಳೂ ಒಟ್ಟಿಗೆ ಕಿಣಿಗುಟ್ಟಿದವು.

ಮೈದುನ ತನ್ನ ಫೋನು ತೆಗೆದು ಗಟ್ಟಿಯಾಗಿ ಓದಿದ. ಓದುತ್ತ ಓದುತ್ತ ದನಿ ಇಳಿಯಿತು. ‘ದರ್ಜಿಯ ಫೋನು ನಿಮ್ಮ ಜೇಬಿನಲ್ಲಿದೆ. ಎಲೋ ಎಮ್ಮೆಗಳಾ, ಹಾಗಾದರೆ ಇದನ್ನು ಬರೆಯುತ್ತಿರುವುದು ಯಾರು? ಮಿಷಿನ್ನು ಇಳಿಸಿ. ನಿಮ್ಮ ಸದಸ್ಯೆ ಹೇಡಿ. ಕಣ್ಣಾರೆ ನೋಡಿಯೂ ತಡೆಯಲಿಲ್ಲ.’

ಮಿಷಿನ್ನು ನೆಲಕ್ಕಿಳಿಯಿತು. ದರ್ಜಿ ಅದನ್ನು ತಬ್ಬಿಕೊಂಡು ಕುಸಿದ.

“ಇಲ್ಲೇ ಇದ್ದಾನೆ! ನಮ್ಮನ್ನ ನೋಡ್ತಾ ನೋಡ್ತಾ ಬರೀತಿದ್ದಾನೆ!” ಮೈದುನನ ಕಣ್ಣು ಗುಂಪಿನ ಮೇಲೆ ಹರಿದು, ಫೋನು ಹಿಡಿದು ನಿಂತಿದ್ದ ಹಾಲಿನವನ ಮೇಲೆ ನಿಂತಿತು.

“ಅಯ್ಯೋ ಅಣ್ಣ, ಹೆಂಡ್ತಿ ಜೊತೆ ಮಾತಾಡ್ತಿದ್ದೆ.”

“ಹೆಂಡ್ತಿ ಜೊತೆ ಇಷ್ಟು ಮೆತ್ತಗೆ ಯಾವನು ಮಾತಾಡ್ತಾನೋ?”

ಯಾರೋ ನಕ್ಕರು. ಆದರೆ ಗುಂಪಿನಲ್ಲೊಬ್ಬನ ಕೋಲು ಮೇಲೆದ್ದಿತು. ಹಾಲಿನವನು ತಲೆಯ ಮೇಲೆ ಎರಡೂ ಕೈ ಹೊತ್ತುಕೊಂಡ.

ಪರದೆ ಸರಿಯಿತು. ನೀರಿನ ಲೋಟ ಹಿಡಿದು ಸದಸ್ಯೆ ಹೊರಗೆ ಬಂದಳು.

“ಕೋಲು ಇಳಿಸಪ್ಪ. ಇಷ್ಟು ದಿನ ನನ್ನ ಮೇಲೆ ನಾನು ಬರೆದದ್ರಲ್ಲಿ, ಹೇಡಿ ಅನ್ನೋದೊಂದೇ ನಿಜ.”